‘ಹ್ಯಾಂಗ್ ಆಗಿದೆ’ ಅನ್ನುವುದಕ್ಕೆ ಕನ್ನಡದಲ್ಲಿ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನ ದಿನನಿತ್ಯದ ತೊಂದರೆಗಳನ್ನು ತಾವೇ ಸರಿಮಾಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹೊಸಬರಿಗಲ್ಲ. ಯಾವ ಪ್ರೋಗ್ರಾಮ್ ಏನು ಮಾಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡುವವರಿಗೆ, ಮನೆಯವರ, ಗೆಳೆಯರ ಕಂಪ್ಯೂಟರನ್ನೂ ನೋಡಿಕೊಳ್ಳುವವರಿಗೆ. ಹತ್ತಾರು ಪುಟ ಸಲೀಸಾಗಿ ಬಂತು. ‘ಹ್ಯಾಂಗ್’ ಎಂಬ ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಅದನ್ನು ಹಾಗೇ ಕನ್ನಡ ಲಿಪಿಯಲ್ಲಿ ಬರೆದರೆ ಎಲ್ಲರಿಗೂ ತಿಳಿಯುತ್ತದೆ, ಅದರಲ್ಲಿ ತಕರಾರಿಲ್ಲ. ತಕರಾರು ಬೇರೆ. ಆ ಒಂದು ಪದದ ಕೆಳಗೆ ನಾವು ಮೂರು ನಾಲ್ಕು ಬೇರೆ ಬೇರೆ ತೊಂದರೆಗಳನ್ನು ಸೇರಿಸಿಬಿಟ್ಟಿದ್ದೇವೆ. ಒಂದೊಂದಕ್ಕೂ ಮಾಡಬೇಕಾದ ಕೆಲಸವೇ ಬೇರೆ.

ಈ ಯೋಚನೆ ಶುರುವಾದದ್ದು ಅಕ್ಕನ ಒಂದು ಫೋನಿನಿಂದ.

“ಹ್ಯಾಂಗ್ ಆಗ್ಬಿಟ್ಟಿದೆ ಕಣೋ. ಸ್ವಿಚ್ ಆಫ್ ಮಾಡ್ಲಾ?”

“ಬೇಡ ಅಕ್ಕ, ತಾಳು. ಮೌಸ್ ಅಲ್ಲಾಡಿಸಿದ್ರೆ ಬಾಣ ಓಡಾಡತ್ತಾ?”

“ಓಡಾಡತ್ತೆ.”

“ಕ್ಯಾಪ್ಸ್ ಲಾಕ್ ಒತ್ತು. ದೀಪ ಹತ್ತಿ ಆರತ್ತಾ?”

“ಹೂಂ, ಹತ್ತತ್ತೆ. ಆದ್ರೆ ಲೆಕ್ಕದ ಶೀಟ್ ಮಾತ್ರ ಮಂಜು ಕವಿದಂಗೆ ಬೆಳ್ಳಗಾಗಿದೆ. ಎಷ್ಟು ಕ್ಲಿಕ್ ಮಾಡಿದ್ರೂ ಓ ಅಂತಾನೇ ಇಲ್ಲ.”

ಅವಳು ದೊಡ್ಡ ಫೈಲೊಂದನ್ನು ಹಳೇ ಪೆನ್ ಡ್ರೈವಿಗೆ ಸೇವ್ ಮಾಡುತ್ತಿದ್ದಳು. ಪೆನ್ ಡ್ರೈವಿನ ಪುಟ್ಟ ದೀಪ ಇನ್ನೂ ಮಿನುಗುತ್ತಿತ್ತು. ಅಂದರೆ ಬರೆಯುವ ಕೆಲಸ ನಡೆದೇ ಇತ್ತು. ಎರಡು ನಿಮಿಷ ಸುಮ್ನೆ ಕಾಯಲು ಹೇಳಿದೆ. ಶೀಟಿಗೆ ಬಣ್ಣ ಮರಳಿತು, ಫೈಲ್ ಉಳಿಯಿತು. ‘ಹ್ಯಾಂಗ್’ ಎಂಬ ಪದವನ್ನೇ ನಂಬಿ ಸ್ವಿಚ್ ಆರಿಸಿದ್ದರೆ ಅವತ್ತಿನ ಲೆಕ್ಕವೆಲ್ಲ ಹೋಗುತ್ತಿತ್ತು.

ಇಲ್ಲಿ ಗಮನಿಸಿ. ‘ಹ್ಯಾಂಗ್’ ನನಗೆ ಏನನ್ನೂ ತಿಳಿಸಲಿಲ್ಲ. ‘ಓ ಅಂತಾನೇ ಇಲ್ಲ’ ಎಂಬ ಮಾತು ಎಲ್ಲವನ್ನೂ ತಿಳಿಸಿತು.

ವಿಂಡೋಸ್ ಒಳಗೆ ನಡೆಯುವುದೂ ಅದೇ. ನಾವು ಕ್ಲಿಕ್ ಮಾಡಿದಾಗ, ಕೀಲಿ ಒತ್ತಿದಾಗ ವಿಂಡೋಸ್ ಆ ಪ್ರೋಗ್ರಾಮಿಗೆ ಒಂದು ಸಂದೇಶ ಕಳಿಸುತ್ತದೆ. ಪ್ರೋಗ್ರಾಮ್ ಅದನ್ನು ಎತ್ತಿಕೊಂಡು ಕೆಲಸ ಮಾಡಬೇಕು. 5 ಸೆಕೆಂಡ್ ಕಳೆದರೂ ಎತ್ತಿಕೊಳ್ಳದೆ ಇದ್ದರೆ ಅದಕ್ಕೆ ‘ನಾಟ್ ರೆಸ್ಪಾಂಡಿಂಗ್’ ಎಂಬ ಹಣೆಪಟ್ಟಿ ಬೀಳುತ್ತದೆ. ಅಷ್ಟೇ ಅಲ್ಲ, ಆ ಕಿಟಕಿಯನ್ನು ಮರೆಮಾಡಿ ಅದರ ಜಾಗದಲ್ಲಿ, ಅದರ ಕೊನೆಯ ಚಿತ್ರವನ್ನೇ ಹೊತ್ತ ಒಂದು ಮಸುಕಾದ ಕಿಟಕಿಯನ್ನು ವಿಂಡೋಸೇ ನಿಲ್ಲಿಸುತ್ತದೆ. ಅಕ್ಕ ಕಂಡ ಮಂಜು ಇದೇ. ಒಳಗಿನ ಪ್ರೋಗ್ರಾಮ್ ಸತ್ತಿಲ್ಲ, ಕೆಲಸದಲ್ಲಿ ಮುಳುಗಿರಬಹುದು, ಯಾವುದಕ್ಕೋ ಕಾಯುತ್ತಿರಬಹುದು. ಕರೆಗೆ ಉತ್ತರ ಕೊಡುತ್ತಿಲ್ಲ ಅನ್ನುವುದಷ್ಟೇ ನಿಜ.

ಇದಕ್ಕೆ ನಮ್ಮಲ್ಲಿ ಹಳೆಯ, ಚೆಂದದ ಪದವೇ ಇದೆ ಅಲ್ವಾ? ಓಗೊಡು. ಓ ಎಂದು ಉತ್ತರ ಕೊಡು. ‘ಪ್ರತಿಕ್ರಿಯಿಸುತ್ತಿಲ್ಲ’ ಎಂದು ಬರೆಯುವುದು ರೂಢಿಯಾಗಿದೆ, ತಪ್ಪಲ್ಲ. ಆದರೆ ಪ್ರತಿಕ್ರಿಯೆ ಅಂದಕೂಡಲೇ ನಮಗೆ ಅಭಿಪ್ರಾಯ ಕೊಡುವುದು, ಕೋಪ ತೋರಿಸುವುದು, ಔಷಧಕ್ಕೆ ಮೈ ಸ್ಪಂದಿಸುವುದು ಎಲ್ಲ ನೆನಪಾಗುತ್ತದೆ. ಕರೆದವರು, ಕರೆಸಿಕೊಂಡವರು, ನಡುವೆ ಬಾರದ ಉತ್ತರ ಎಂಬ ಚಿತ್ರ ಓಗೊಡು ಪದದಲ್ಲಿ ಮಾತ್ರ ಕಾಣುತ್ತದೆ. ‘ಪ್ರೋಗ್ರಾಮ್ ಓಗೊಡುತ್ತಿಲ್ಲ’ ಅಂದರೆ ಏನಾಗಿದೆ ಎಂಬುದೂ ತಿಳಿಯುತ್ತದೆ, ಇನ್ನೊಮ್ಮೆ ಕರೆದು ನೋಡಬಹುದು, ಸ್ವಲ್ಪ ಕಾಯಬಹುದು ಎಂಬ ಎಚ್ಚರವೂ ಅದರಲ್ಲೇ ಇದೆ.

ನನ್ನ ಅನುಮಾನ ಇಷ್ಟು. ಪತ್ರಿಕೆಗಳಲ್ಲಿ ಈಗ ಓಗೊಡು ಪದ ‘ಕರೆಗೆ ಓಗೊಟ್ಟು ಬಂದರು’, ‘ಮನವಿಗೆ ಓಗೊಟ್ಟರು’ ಎಂದೇ ಜಾಸ್ತಿ ಬರುತ್ತದೆ. ಅಲ್ಲಿ ಅದರ ಅರ್ಥ ಒಪ್ಪಿದರು, ನಡೆಸಿಕೊಟ್ಟರು ಎಂದು. ಬರಿಯ ‘ಓ ಅಂದರು’ ಎಂಬ ಮೂಲದ ಅರ್ಥ ಓದುಗರ ಕಿವಿಯಲ್ಲಿ ಇನ್ನೂ ಉಳಿದಿದೆಯೇ?

ಇನ್ನು ಉಳಿದ ಪದಗಳು. ‘ಸ್ಥಗಿತಗೊಂಡಿದೆ’ ಎಂದು ಕೆಲವರು ಬರೆಯುತ್ತಾರೆ. ಸ್ಥಗಿತ ಎಂದರೆ ಬೇಕೆಂದೇ ನಿಲ್ಲಿಸಿದ್ದೂ ಆಗಬಹುದು. ಕಾಮಗಾರಿ ಸ್ಥಗಿತ, ಸೇವೆ ಸ್ಥಗಿತ. ಅಪ್‌ಡೇಟನ್ನು ನಾವೇ ತಡೆಹಿಡಿದಾಗ ಈ ಪದ ಸರಿ. ತಾನಾಗಿ ಕಚ್ಚಿಕೊಂಡು ನಿಂತದ್ದಕ್ಕೆ ಸರಿಯಲ್ಲ. ‘ಹೆಪ್ಪುಗಟ್ಟಿದೆ’ ಎಂಬುದನ್ನು ನಾನು ಒಪ್ಪಲಾರೆ. ಅದು ಫ್ರೀಜ್ ಎಂಬ ಪದದ ನೇರ ನೆರಳು. ಫ್ಯಾನ್ ಹುಚ್ಚು ಹಿಡಿದಂತೆ ತಿರುಗುತ್ತಿದೆ, ಲ್ಯಾಪ್‌ಟಾಪಿನ ತಳ ಮುಟ್ಟಲಾಗದಷ್ಟು ಬಿಸಿಯಾಗಿದೆ. ಅದನ್ನು ಹೆಪ್ಪುಗಟ್ಟಿದೆ ಎನ್ನುವುದು ಹೇಗೆ? ‘ಕೈಕೊಟ್ಟಿತು’ ಜನರ ಬಾಯಲ್ಲಿರುವ ಒಳ್ಳೆಯ ಮಾತು, ಆದರೆ ಅದು ನಮ್ಮ ಬೇಸರವನ್ನು ಹೇಳುತ್ತದೆ, ಏನಾಯಿತು ಎಂದು ಹೇಳುವುದಿಲ್ಲ. ‘ಕೆಟ್ಟಿದೆ’ ಎಲ್ಲಕ್ಕಿಂತ ಅಪಾಯದ ಪದ. ಕೇಳಿದವರು ಯಂತ್ರವೇ ಹಾಳಾಗಿದೆ ಎಂದುಕೊಂಡು ರಿಪೇರಿಗೆ ಹೊರಡುತ್ತಾರೆ.

ಹಾಗಾದರೆ ಇಡೀ ಯಂತ್ರವೇ ನಿಂತಾಗ? ಬಾಣ ಅಲ್ಲಾಡುವುದಿಲ್ಲ, ಮೂಲೆಯ ಗಡಿಯಾರ ಮುಂದೆ ಹೋಗುವುದಿಲ್ಲ, ಕ್ಯಾಪ್ಸ್ ಲಾಕ್ ಎಷ್ಟು ಒತ್ತಿದರೂ ದೀಪ ಬದಲಾಗುವುದಿಲ್ಲ. ಆ ದೀಪವನ್ನು ಹತ್ತಿಸುವುದು ಕೀಬೋರ್ಡ್ ಅಲ್ಲ, ಆಪರೇಟಿಂಗ್ ಸಿಸ್ಟಮ್. ಹಾಗಾಗಿ ಅದು ಬದಲಾಗದಿದ್ದರೆ ಒಳಗೆ ಕೇಳಿಸಿಕೊಳ್ಳುವವರೇ ಇಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಇದಕ್ಕೆ ‘ಗರಬಡಿದಿದೆ’ ಎಂದು ಬರೆದಿದ್ದೇನೆ. ಗರಬಡಿದವರಂತೆ ನಿಂತ ಎನ್ನುತ್ತೇವಲ್ಲ, ಆ ಚಿತ್ರವೇ. ಇಲ್ಲಿ ಮಾತ್ರ ಪವರ್ ಬಟನ್ನನ್ನು ಒತ್ತಿ ಹಿಡಿದು ಆರಿಸುವುದು ಬಿಟ್ಟರೆ ಬೇರೆ ದಾರಿ ಕಡಿಮೆ. ಬಾಣ ಓಡಾಡುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಕಂಟ್ರೋಲ್, ಶಿಫ್ಟ್, ವಿಂಡೋಸ್ ಕೀಲಿಗಳ ಜೊತೆ ಬಿ ಒತ್ತಿ ನೋಡಬಹುದು. ಅದು ಪರದೆಯ ಚಿತ್ರವನ್ನು ನೋಡಿಕೊಳ್ಳುವ ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಶುರುಮಾಡುತ್ತದೆ.

ಮೂರನೆಯದು, ತೆರೆದಿದ್ದ ಪ್ರೋಗ್ರಾಮ್ ಇದ್ದಕ್ಕಿದ್ದಂತೆ ಮಾಯವಾಗುವುದು. ಇದನ್ನೂ ಜನ ಹ್ಯಾಂಗ್ ಎಂದೇ ಹೇಳುತ್ತಾರೆ. ಇದು ಕ್ರ್ಯಾಶ್. ‘ಕುಸಿಯಿತು’ ಎಂಬ ಪದವನ್ನು ಹಲವರು ಬಳಸಿದ್ದಾರೆ, ಆದರೆ ಕುಸಿತ ಎಂದರೆ ಮೆಲ್ಲಗೆ ಕೆಳಗಿಳಿಯುವುದೂ ಹೌದು, ಬೆಲೆ ಕುಸಿದಂತೆ. ನನಗೆ ‘ಮುರಿದುಬಿತ್ತು’ ಹಿಡಿಸಿದೆ. ಮಾತುಕತೆ ಮುರಿದುಬಿತ್ತು ಎನ್ನುವಾಗ ಇರುವ ಅರ್ಥ, ನಡೆಯುತ್ತಿದ್ದದ್ದು ನಡುವೆಯೇ ನಿಂತು ಇಲ್ಲವಾಯಿತು ಎಂಬುದು, ಇಲ್ಲಿಗೆ ಸರಿಯಾಗಿ ಕೂರುತ್ತದೆ.

ಈ ಮೂರನ್ನು ಬೇರೆ ಮಾಡುವುದು ಬರಿಯ ಪದದ ಚಪಲವಲ್ಲ. ಯಂತ್ರವೇ ಅವನ್ನು ಬೇರೆ ಬೇರೆಯಾಗಿ ಬರೆದಿಡುತ್ತದೆ. ವಿಂಡೋಸಿನ ಇವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ಲಾಗ್ ನೋಡಿ. ಪ್ರೋಗ್ರಾಮ್ ಮುರಿದುಬಿದ್ದಿದ್ದರೆ 1000 ಎಂಬ ಸಂಖ್ಯೆ. ಓಗೊಡದ ಪ್ರೋಗ್ರಾಮನ್ನು ಕೊನೆಗೆ ಮುಚ್ಚಿದ್ದರೆ 1002. ಸಿಸ್ಟಮ್ ಲಾಗಿನಲ್ಲಿ ಕರ್ನಲ್ ಪವರ್ ಹೆಸರಿನ ಕೆಳಗೆ 41 ಇದ್ದರೆ ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆಯೇ ಮತ್ತೆ ಶುರುವಾಗಿದೆ ಎಂದರ್ಥ. ಕರೆಂಟ್ ಹೋಗಿದ್ದಿರಬಹುದು, ಗರಬಡಿದಾಗ ನಾವೇ ಬಟನ್ ಒತ್ತಿ ಆರಿಸಿದ್ದಿರಬಹುದು. ಮೂರು ಸಂಖ್ಯೆ, ಮೂರು ಬೇರೆ ದಾರಿ. ‘ಹ್ಯಾಂಗ್’ ಎಂದು ಬರೆದುಕೊಂಡವರು ಇದರಲ್ಲಿ ಯಾವುದನ್ನು ಹುಡುಕಬೇಕು?

ನಾಲ್ಕನೆಯದು ಬರಿಯ ನಿಧಾನ. ಮೆಮೊರಿ ತುಂಬಿದಾಗ ಸದ್ಯಕ್ಕೆ ಬೇಡದ ಪುಟಗಳನ್ನು, ಅಂದರೆ ಮೆಮೊರಿಯ ತುಣುಕುಗಳನ್ನು, ಸಿಸ್ಟಮ್ ಡಿಸ್ಕಿಗೆ ಇಳಿಸುತ್ತದೆ, ಬೇಕಾದಾಗ ಮತ್ತೆ ಮೇಲೆ ತರುತ್ತದೆ. ಇದು ಮಿತಿ ಮೀರಿದರೆ ಇಳಿಸುವುದು ಏರಿಸುವುದೇ ಕೆಲಸವಾಗಿ, ನಿಜವಾದ ಕೆಲಸಕ್ಕೆ ಹೊತ್ತೇ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಥ್ರ್ಯಾಶಿಂಗ್ ಎನ್ನುತ್ತಾರೆ. ‘ಎಡತಾಕು’ ಪದವನ್ನು ಇಲ್ಲಿಗೆ ತಂದಿದ್ದೇನೆ. ಒಂದೇ ಕೆಲಸಕ್ಕೆ ಒಂದೇ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ಬರುವುದು. ‘ಸಿಸ್ಟಮ್ ಮೆಮೊರಿಗೂ ಡಿಸ್ಕಿಗೂ ಎಡತಾಕುತ್ತಿದೆ’ ಎಂದರೆ ಟಾಸ್ಕ್ ಮ್ಯಾನೇಜರಿನಲ್ಲಿ ಯಾವ ಎರಡು ಅಂಕಣ ನೋಡಬೇಕು ಎಂದೂ ಗೊತ್ತಾಗುತ್ತದೆ. ಮೆಮೊರಿ ತುಂಬಿರುತ್ತದೆ, ಡಿಸ್ಕ್ ಶೇಕಡ 100ರ ಹತ್ತಿರ ಇರುತ್ತದೆ.

ವಿಂಡೋಸಿನ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುವವರಿಗೆ ಇನ್ನೂ ಒಂದಿದೆ. ನಡೆಯುತ್ತಿರುವ ಪ್ರೋಗ್ರಾಮುಗಳ, ಅಂದರೆ ಪ್ರೊಸೆಸ್‌ಗಳ ಪಟ್ಟಿಯಲ್ಲಿ ‘ಡಿ’ ಎಂಬ ಅಕ್ಷರದ ಸ್ಥಿತಿ. ಡಿಸ್ಕಿನಿಂದಲೋ ನೆಟ್‌ವರ್ಕ್ ಫೋಲ್ಡರಿನಿಂದಲೋ ಉತ್ತರಕ್ಕೆ ಕಾಯುತ್ತಾ ಮಲಗಿದ ಪ್ರೊಸೆಸ್ ಅದು. ಪ್ರೊಸೆಸನ್ನು ನಿಲ್ಲಿಸುವ ಕಿಲ್ ಆಜ್ಞೆಗೆ 15 ಎಂಬ ಸಂಖ್ಯೆ ಕೊಟ್ಟರೆ ‘ಮುಗಿಸಿಕೊಂಡು ಹೊರಡು’ ಎಂದು ಹೇಳಿದ ಹಾಗೆ. 9 ಕೊಟ್ಟರೆ ಮುಗಿಸಿಕೊಳ್ಳಲೂ ಬಿಡದೆ ಎಳೆದುಹಾಕಿದ ಹಾಗೆ. ಈ ನಿದ್ದೆಯಲ್ಲಿರುವುದಕ್ಕೆ ಸಾಮಾನ್ಯವಾಗಿ 9 ಕೂಡ ನಾಟುವುದಿಲ್ಲ, ಕಾಯುತ್ತಿರುವ ಉತ್ತರ ಬರಬೇಕು. ಹೀಗೆ 120 ಸೆಕೆಂಡ್ ಕಳೆದರೆ ಲಾಗಿನಲ್ಲಿ ಎಚ್ಚರಿಕೆ ಬರೆಯುವಂತೆ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲಿನಲ್ಲಿ ಏರ್ಪಾಟಿದೆ. ‘ಎಬ್ಬಿಸಲಾಗದ ನಿದ್ದೆ’ ಎಂದು ಬರೆದಿದ್ದೇನೆ. ಇದರ ಬಗ್ಗೆ ನನಗೆ ಗೊಂದಲವಿಲ್ಲ.

ಗೊಂದಲ ಇರುವುದು ‘ಆಫ್ ಮಾಡಿ ಆನ್ ಮಾಡಿ’ ಎಂಬ ಸಲಹೆಯ ಬಗ್ಗೆ. ಇದೇ ಅಕ್ಕನ ಕಂಪ್ಯೂಟರಿನಲ್ಲಿ ಪ್ರಿಂಟರ್ ಕಾಣುತ್ತಿರಲಿಲ್ಲ. ನಾನು ಆಫ್ ಮಾಡಿ ಆನ್ ಮಾಡು ಎಂದೆ. ಅವಳು ಮೂರು ಸಲ ಮಾಡಿದಳು, ಏನೂ ಆಗಲಿಲ್ಲ. ಹೋಗಿ ನೋಡಿದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ, ಯಂತ್ರ ಶುರುವಾಗಿ ಎಷ್ಟು ಹೊತ್ತಾಯಿತು ಎಂದು ತೋರಿಸುವ ಕಡೆ 11 ದಿನ ಎಂದಿತ್ತು! ಅವಳು ಹೇಳಿದ್ದು ಸುಳ್ಳಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಟಿದೆ. ಅದು ಚಾಲೂ ಇದ್ದರೆ ಶಟ್ ಡೌನ್ ಮಾಡಿದಾಗ ಕರ್ನಲಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ಒಳಗಿನ ತೊಡಕೂ ಅದರ ಜೊತೆಗೇ ವಾಪಸು ಬರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ಒತ್ತಿದೆ, ಪ್ರಿಂಟರ್ ಬಂತು.

ಆದ್ದರಿಂದ ಕೈಪಿಡಿಯಲ್ಲಿ ‘ಆಫ್ ಮಾಡಿ ಆನ್ ಮಾಡಿ’ ಎಂದು ಎಲ್ಲೂ ಬರೆಯುವ ಹಾಗಿಲ್ಲ. ಮರುಪ್ರಾರಂಭ, ಮರುಚಾಲನೆ ಎರಡೂ ಪದ ಇವೆ, ಎರಡರಿಂದಲೂ ಓದುಗ ಆಫ್ ಮಾಡಿ ಆನ್ ಮಾಡುವುದನ್ನೇ ಊಹಿಸಿಕೊಳ್ಳುತ್ತಾನೆ. ನಾನೊಂದು ನಿಯಮ ಹಾಕಿಕೊಂಡಿದ್ದೇನೆ. ಪರದೆಯ ಮೇಲೆ ಹುಡುಕಿ ಒತ್ತಬೇಕಾದದ್ದು ಅಲ್ಲಿ ಹೇಗಿದೆಯೋ ಹಾಗೇ ಇರಲಿ: ರೀಸ್ಟಾರ್ಟ್, ಶಟ್ ಡೌನ್, ಎಂಡ್ ಟಾಸ್ಕ್. ಕಣ್ಣಿಗೆ ಕಂಡದ್ದನ್ನು, ಏನಾಯಿತು ಎಂಬುದನ್ನು ಹೇಳುವಾಗ ಮನೆಮಾತಿನ ಪದ ಬರಲಿ. ಮೊದಲನೆಯದು ಜಾಗ ತೋರಿಸುವ ಗುರುತು. ಎರಡನೆಯದರಿಂದ ತೊಂದರೆ ಯಾವುದು ಎಂದು ಪತ್ತೆಯಾಗಬೇಕು.

ಈ ನಿಯಮಕ್ಕೆ ಬಗ್ಗದ ಪದ ‘ಕ್ಯಾಶ್’, ಅಂದರೆ ಮತ್ತೆ ಬೇಕಾದಾಗ ಬೇಗ ಸಿಗಲೆಂದು ಪ್ರೋಗ್ರಾಮ್ ಹತ್ತಿರ ಇಟ್ಟುಕೊಳ್ಳುವ ಮಾಹಿತಿಯ ಪ್ರತಿ. ನಮ್ಮ ಲಿಪಿಯಲ್ಲಿ ಬರೆದರೆ ದುಡ್ಡಿನ ಕ್ಯಾಶಿಗೂ ಇದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಇದು ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ‘ಸಂಗ್ರಹ’ ಎಂದು ಬರೆದರೆ ಸ್ಟೋರೇಜ್ ಎಂದು ತಿಳಿದು, ಫೋನಿನಲ್ಲಿ ಪಕ್ಕದ ಬಟನ್ ಒತ್ತಿ ಆ್ಯಪ್‌ನ ಮಾಹಿತಿಯನ್ನೆಲ್ಲ ಅಳಿಸಿಕೊಳ್ಳುವ ಅಪಾಯವಿದೆ. ಸದ್ಯಕ್ಕೆ ‘ಕೈಹತ್ತಿರದ ಪ್ರತಿ’ ಎಂದು ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ತಿಳಿಸಿ.

ಈಗ ಕೇಳಬೇಕಾದ್ದು.

‘ಓಗೊಡುತ್ತಿಲ್ಲ’ ಎಂದು ಬರೆಯಲೇ, ‘ಓ ಅನ್ನುತ್ತಿಲ್ಲ’ ಎಂದು ಬರೆಯಲೇ? ಅಕ್ಕನಿಗೆ ಎರಡನ್ನೂ ಓದಿ ಹೇಳಿದೆ. ಎರಡನೆಯದು ಥಟ್ಟನೆ ತಿಳಿಯಿತು. ಮೊದಲನೆಯದಕ್ಕೆ ಒಂದು ಗಳಿಗೆ ತಡೆದು, “ಓ ಕೊಡೋದಾ? ಹೌದು, ಸರಿ” ಎಂದಳು. ವಾಕ್ಯದಲ್ಲಿ ಎರಡೂ ನಡೆಯುತ್ತವೆ, ತಲೆಬರಹಕ್ಕೆ ಬಂದಾಗ ಕಷ್ಟ. ‘ಹ್ಯಾಂಗ್’ ನಾಮಪದವಾಗಿಯೂ ನಿಲ್ಲುತ್ತದೆ, ‘ಆಗು’ ಸೇರಿದರೆ ಕ್ರಿಯಾಪದವೂ ಆಗುತ್ತದೆ. ‘ಓಗೊಡದಿರುವಿಕೆ’ ನಾಲಿಗೆಯಲ್ಲಿ ಹೊರಳುವುದಿಲ್ಲ. ‘ಓಗೊಡದ ಪ್ರೋಗ್ರಾಮ್’ ಎಂದು ಸುತ್ತಿ ಬಳಸಿ ಹೇಳುವುದೊಂದೇ ದಾರಿಯೇ?

ಇನ್ನೊಂದು ಪದ ಮನಸ್ಸಿನಲ್ಲಿದೆ, ಜೋಮು. ಕಾಲು ಜೋಮು ಹಿಡಿದಾಗ ಅಲ್ಲಾಡಿಸಲು ಆಗುವುದಿಲ್ಲ, ಆದರೆ ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಅಕ್ಕನ ಲೆಕ್ಕದ ಶೀಟಿಗೆ ಆದದ್ದು ಅದೇ. ಕಾದರೆ ಸರಿಹೋಗುವ ಈ ಬಗೆಗೆ ‘ಜೋಮು ಹಿಡಿದಿದೆ’ ಎಂದರೆ ಓದುಗರಿಗೆ ಕಾಯಬೇಕು ಎಂಬುದು ಪದದಿಂದಲೇ ಗೊತ್ತಾಗುತ್ತದೆಯೇ? ನಿಮ್ಮ ಕಡೆ ಜೋಮಿಗೆ ಬೇರೆ ಪದ ಇದ್ದರೆ ಅದನ್ನೂ, ಅದು ತಾನಾಗಿ ಬಿಡುವುದಕ್ಕೆ ಏನೆನ್ನುತ್ತೀರಿ ಎಂಬುದನ್ನೂ ದಯವಿಟ್ಟು ಬರೆಯಿರಿ.