ಬಾಯ್ಲರ್ ‘ಕಮಿಷನಿಂಗ್’: ‘ಚಾಲೂ ಮಾಡುವುದು’ ಅಂದರೆ ಸಾಕಾ?

ಗೆಳೆಯರೆ,

ಒಂದು ಪದ ಬೇಕಾಗಿದೆ. ಎರಡು ವಾರದಿಂದ ತಲೆ ಕೊರೆಯುತ್ತಿದೆ, ಇನ್ನೂ ಸಿಕ್ಕಿಲ್ಲ.

ನನ್ನ ತಂಗಿ ತನ್ನ ಮಗಳ ಬಾಣಂತನಕ್ಕೆ ಅಂತ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿದ್ದಾಳೆ. ಅವರ ಮನೆಗೆ ಹೊಸ ಗ್ಯಾಸ್ ಬಾಯ್ಲರ್ ಹಾಕಿಸಿದರು. ಬಾಯ್ಲರ್ ಅಂದ ತಕ್ಷಣ ತುಮಕೂರಿನವರಿಗೆ ಬಚ್ಚಲುಮನೆಯ ತಾಮ್ರದ ಬಾಯ್ಲರ್ ಕಣ್ಣಿಗೆ ಬರುತ್ತದೆ, ಇದು ಅದಲ್ಲ. ಗೋಡೆಗೆ ನೇತುಹಾಕಿದ ಪೆಟ್ಟಿಗೆ. ನೀರು ಕಾಯಿಸಿ, ಪೈಪಿನಲ್ಲಿ ಒಂದೊಂದು ಕೋಣೆಯ ರೇಡಿಯೇಟರಿಗೂ (ಬಿಸಿನೀರು ಒಳಗೆ ಹರಿದು ಕೋಣೆ ಬೆಚ್ಚಗಾಗಿಸುವ ಲೋಹದ ಹಲಗೆ) ಕಳಿಸಿ, ತಣ್ಣಗಾದ ನೀರನ್ನು ವಾಪಸ್ ತಂದು ಮತ್ತೆ ಕಾಯಿಸುತ್ತದೆ. ಚಳಿಗಾಲದಲ್ಲಿ ಮನೆ ಬೆಚ್ಚಗಿರುವುದು ಇದರಿಂದಲೇ.

ತಂಗಿ ಫೋನಿನಲ್ಲಿ ಹೇಳಿದಳು: “ಅಣ್ಣಾ, ನಲ್ಲೀಲಿ ಬಿಸಿನೀರು ಬಂತು, ಕೆಲಸ ಮುಗೀತು ಅಂದ್ಕೊಂಡು ಕಾಫಿ ಕೊಟ್ಟೆ. ಬಾಯ್ಲರ್ ಹಾಕೋಕೆ ಬಂದಿದ್ದವನು ಕುಡಿದು ಮತ್ತೆ ಕೂತ. ಇನ್ನೂ ಎರಡು ಗಂಟೆ ಏನೇನೋ ಅಳೆದು ಬರ್ಕೊಂಡ. ಕೇಳಿದ್ರೆ ಕಮಿಷನಿಂಗ್ ಅಂದ. ದಲ್ಲಾಳಿ ಕಮಿಷನ್ ಇರಬೇಕು ಅಂದ್ಕೊಂಡೆ. ನಮ್ಮ ಕಡೆ ಇದಕ್ಕೆ ಏನಂತಾರೆ?”

ನನಗೆ ಬಾಯಿಗೆ ಬಂದಿದ್ದು “ಚಾಲೂ ಮಾಡೋದು”. ಹೇಳಿದ ಮೇಲೆ ಸಮಾಧಾನ ಆಗಲಿಲ್ಲ. ಚಾಲೂ ಆಗಲೇ ಆಗಿತ್ತಲ್ಲ, ಬಿಸಿನೀರು ಬಂದಾಗಲೇ!

ತಂಗಿಯ ಮಗಳ ಹತ್ತಿರ ವಿವರ ಕೇಳಿದೆ. ಅವನು ಮೊದಲು ಹಳೇ ಪೈಪು, ರೇಡಿಯೇಟರುಗಳ ಒಳಗಿನ ಕಪ್ಪು ಕೆಸರನ್ನು ತೊಳೆದು ಹೊರಹಾಕಿದ್ದ. ತುಕ್ಕು ಹಿಡಿಯದ ಹಾಗೆ ನೀರಿಗೆ ಔಷಧಿ ಬೆರೆಸಿದ. ತಣ್ಣಗಿರುವಾಗ ನೀರಿನ ಒತ್ತಡ 1 ಬಾರ್‌ಗಿಂತ ಸ್ವಲ್ಪ ಮೇಲೆ ಇರುವಂತೆ ತುಂಬಿಸಿ, ರೇಡಿಯೇಟರುಗಳಲ್ಲಿ ಸಿಕ್ಕಿಕೊಂಡ ಗಾಳಿ ಬಿಡಿಸಿದ. ಗ್ಯಾಸ್ ಎಲ್ಲೂ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡ. ಪೂರ್ತಿ ಉರಿ ಇಟ್ಟು ಗ್ಯಾಸಿನ ಒತ್ತಡ ನೋಡಿದ. ಅಲ್ಲಿ ಮೀಟರಿನ ಹತ್ತಿರ 21 ಮಿಲಿಬಾರ್ ಆಸುಪಾಸು ಇರಬೇಕು. ಆಮೇಲೆ ಗಡಿಯಾರ ಹಿಡಿದು ಮೀಟರಿನ ಮುಂದೆ ನಿಂತು ನಿಮಿಷಕ್ಕೆ ಎಷ್ಟು ಗ್ಯಾಸ್ ಉರಿಯುತ್ತಿದೆ ಅಂತ ಲೆಕ್ಕ ಹಾಕಿದ. ಕೊನೆಗೆ ಹೊಗೆಕೊಳವೆಗೆ ಒಂದು ಸಣ್ಣ ನಳಿಕೆ ತೂರಿಸಿ ಕಾರ್ಬನ್ ಮಾನಾಕ್ಸೈಡ್ ಅಳೆದ, ಉರಿ ಸರಿಯಾಗಿಲ್ಲದಿದ್ದರೆ ಹುಟ್ಟುವ ವಿಷಗಾಳಿ ಅದು. ಅದು 350 ಪಿಪಿಎಂ (ಹತ್ತು ಲಕ್ಷದಲ್ಲಿ 350 ಪಾಲು) ಒಳಗಿರಬೇಕು, ಕಾರ್ಬನ್ ಡೈಆಕ್ಸೈಡಿಗೆ ಹೋಲಿಸಿದರೆ 0.004 ಪಾಲು ದಾಟಬಾರದು. ದಾಟಿದರೆ ಹಾಗೇ ಬಿಟ್ಟು ಹೋಗುವಂತಿಲ್ಲ. ಇಷ್ಟನ್ನೂ ಬಾಯ್ಲರಿನ ಜೊತೆ ಬಂದ ಪುಸ್ತಕದ ಕೊನೆಯ ಪುಟದಲ್ಲಿ ಬರೆದು, ಸಹಿ ಹಾಕಿ, ಬಾಯ್ಲರ್ ಬಳಸುವುದು ಹೇಗೆ ಅಂತ ಮನೆಯವರಿಗೆ ತೋರಿಸಿ ಹೋದ. ಅಲ್ಲಿ ಗ್ಯಾಸ್ ಸೇಫ್ ಅನ್ನುವ ನೋಂದಣಿ ಇದ್ದವರೇ ಈ ಕೆಲಸ ಮಾಡಬೇಕು. 2009ರ ಏಪ್ರಿಲ್‌ವರೆಗೆ ಅದೇ ಜಾಗದಲ್ಲಿ ಕಾರ್ಗಿ ಅನ್ನುವುದಿತ್ತು.

ಇದು ನನಗೆ ಬರೀ ಪದದ ಮಾತಲ್ಲ. ಕೆಲವು ವರ್ಷದ ಹಿಂದೆ ನಮ್ಮ ಮನೆಗೆ ಗ್ಯಾಸ್ ಗೀಸರ್ ಹಾಕಿಸಿದೆವು. ಹುಡುಗ ಬಂದ, ಮೊಳೆ ಹೊಡೆದ, ಪೈಪ್ ಸಿಕ್ಕಿಸಿದ, ನೀರು ಬಿಟ್ಟ, ಒಳಗೆ ಬುಸ್ ಅಂತ ಉರಿ ಹತ್ತಿತು. “ಫಿಟ್ಟಿಂಗ್ ಆಯ್ತು ಸಾರ್, ಚಾಲೂ ಮಾಡ್ಕೊಳಿ” ಅಂದು ದುಡ್ಡು ತಗೊಂಡು ಹೋದ. ಎಲ್ಲಾ ಸೇರಿ ಅರ್ಧ ಗಂಟೆ. ಬಚ್ಚಲಿನ ಕಿಟಕಿ ಅಂಗೈ ಅಗಲ ಇತ್ತು, ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ, ನಾವೂ ಕೇಳಲಿಲ್ಲ. ಮೂರನೇ ದಿನ ಅಮ್ಮ ಸ್ನಾನಕ್ಕೆ ಹೋದವರು ಬಾಗಿಲು ಹಿಡಿದುಕೊಂಡು ಹೊರಗೆ ಬಂದು ತಲೆ ಸುತ್ತುತ್ತಿದೆ ಅಂತ ಅಲ್ಲೇ ಕುಸಿದು ಕೂತರು. ಗಾಳಿಗೆ ಕೂರಿಸಿದ ಮೇಲೆ ಸರಿಹೋದರು. ಗೀಸರನ್ನು ಅವತ್ತೇ ಬಿಚ್ಚಿಸಿದೆ.

ಫಿಟ್ಟಿಂಗ್ ಇದೆ, ಚಾಲೂ ಇದೆ. ನಡುವೆ ಒಂದು ಕೆಲಸ ಇದೆ, ಅದಕ್ಕೆ ಹೆಸರಿಲ್ಲ. ಹೆಸರಿದ್ದಿದ್ದರೆ “ಅದನ್ನ ಮಾಡಿದೆಯೇನಪ್ಪಾ?” ಅಂತ ನಾನು ಆ ಹುಡುಗನನ್ನು ಕೇಳುತ್ತಿದ್ದೆ, ಅಲ್ವಾ?

ಪತ್ರಿಕೆಯ ಪದಗಳು ಸರಿಹೊಂದುತ್ತಿಲ್ಲ. ಪಾವಗಡದ ಸೋಲಾರ್ ಪಾರ್ಕಿನಂಥದ್ದಕ್ಕೆ ‘ಕಾರ್ಯಾರಂಭ’, ‘ಲೋಕಾರ್ಪಣೆ’ ಅಂತಾರೆ, ಅದು ಸಮಾರಂಭದ ಪದ. 2022ರಲ್ಲಿ ವಿಕ್ರಾಂತ್ ಹಡಗಿನ ಕಮಿಷನಿಂಗ್ ಆದಾಗ ‘ನೌಕಾಪಡೆಗೆ ಸೇರ್ಪಡೆ’ ಅಂದರು, ಹಡಗಿಗೆ ಅದು ಚೆನ್ನಾಗಿದೆ, ಬಾಯ್ಲರ್ ಯಾವ ಪಡೆಗೆ ಸೇರಬೇಕು? ದೋಸೆ ಹಂಚು ‘ಪಳಗಿಸುವುದು’ ಅಂತೀವಿ. ಅದು ಹತ್ತಿರ ಬರುತ್ತದೆ, ಆದರೆ ಅದು ದಿನಗಟ್ಟಲೆ ಬಳಸಿ ಬಳಸಿ ಆಗುವ ಕೆಲಸ, ಅದರಲ್ಲಿ ಅಳತೆ ಇಲ್ಲ.

ನನ್ನ ಮನಸ್ಸು ‘ಹೂಡು’ ಅನ್ನುವುದರ ಮೇಲೆ ನಿಂತಿದೆ. ಎತ್ತು ಹೂಡು, ಬಂಡಿ ಹೂಡು, ಒಲೆ ಹೂಡು. ಮದುವೆ ಮನೆಯ ಹಿತ್ತಲಲ್ಲಿ ಅಡುಗೆಯವರು ಒಲೆ ಹೂಡುವುದನ್ನು ನೋಡಿದ್ದೀರಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಿ ಗುಂಡಿ ತೋಡುತ್ತಾರೆ, ಕಲ್ಲಿಟ್ಟು ಕೊಪ್ಪರಿಗೆ ಕೂರಿಸಿ ಕೈಯಲ್ಲಿ ಅಲ್ಲಾಡಿಸುತ್ತಾರೆ, ಅಲುಗಿದರೆ ಒಂದು ಚೂರು ಹೆಂಚು ಸಿಕ್ಕಿಸುತ್ತಾರೆ, ನಾಲ್ಕು ಸೌದೆ ಹಚ್ಚಿ ಹೊಗೆ ಎತ್ತ ಹೋಗುತ್ತದೆ ಅಂತ ನಿಂತು ನೋಡುತ್ತಾರೆ. ಅದೆಲ್ಲ ಸರಿ ಅನ್ನಿಸಿದ ಮೇಲೇ ಅಕ್ಕಿ ತೊಳೆಯುವುದು. ಲೀಡ್ಸಿನವನು ಮಾಡಿದ್ದೂ ಇದೇ, ಅವನ ಕೈಯಲ್ಲಿ ಮೀಟರ್ ಇತ್ತು ಅಷ್ಟೇ.

ತೊಡಕು ಏನೆಂದರೆ, ನಾಮಪದ ಮಾಡಲು ಹೋದರೆ ‘ಹೂಡಿಕೆ’ ಆಗುತ್ತದೆ, ಅದನ್ನು ಷೇರು ಪೇಟೆಯವರು ತಗೊಂಡುಬಿಟ್ಟಿದ್ದಾರೆ. ‘ಬಾಯ್ಲರ್ ಹೂಡಿಕೆ’ ಅಂದರೆ ದುಡ್ಡು ಹಾಕಿದ ಹಾಗೆ ಕೇಳುತ್ತದೆ. ‘ಹೂಡುವಿಕೆ’ ಅಂದರೆ ತಪ್ಪಿಸಿಕೊಳ್ಳಬಹುದಾ? ಇಲ್ಲಾ ‘ಪರೀಕ್ಷಿಸಿ ಒಪ್ಪಿಸುವುದು’ ಅಂತ ಬಿಡಿಸಿ ಹೇಳುವುದೇ ವಾಸಿನಾ? ‘ಒಪ್ಪಿಸು’ ಬೇಕೇ ಬೇಕು ಅನ್ನಿಸುತ್ತದೆ, ಜವಾಬ್ದಾರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ಅಲ್ಲೇ.

ಇನ್ನೊಂದು ಸಣ್ಣದು. ಬಾಯ್ಲರಿಗೆ ಹತ್ತಿರದ ರೇಡಿಯೇಟರುಗಳ ವಾಲ್ವ್ ಸ್ವಲ್ಪ ಬಿಗಿ ಮಾಡಿ, ದೂರದವಕ್ಕೂ ಬಿಸಿನೀರು ಹೋಗುವಂತೆ ಮಾಡುವುದಕ್ಕೆ ಅಲ್ಲಿ ಬ್ಯಾಲೆನ್ಸಿಂಗ್ ಅಂತಾರೆ. ನಮ್ಮ ಕೆರೆಗಳ ನೀರಗಂಟಿ ಮಾಡುತ್ತಿದ್ದದ್ದು ಇದನ್ನೇ, ತೂಬಿನ ಪಕ್ಕದ ಗದ್ದೆಯವನೇ ಎಲ್ಲಾ ಎಳೆದುಕೊಳ್ಳದ ಹಾಗೆ ಕೊನೆಯ ಗದ್ದೆಗೂ ನೀರು ಮುಟ್ಟಿಸುವುದು. ಆ ಕೆಲಸಕ್ಕೆ ಅಂತಲೇ ಒಂದು ಕ್ರಿಯಾಪದ ಇತ್ತೇ? ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಮನೆಯ ಹಿರಿಯರನ್ನು ಕೇಳಿ ಹೇಳಿ. ಬೋರ್‌ವೆಲ್ ಮೋಟ್ರು ಇಳಿಸುವವರು, ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಹೊಸ ಯಂತ್ರ ಮೊದಲ ಸಲ ನಡೆಸಿ ನೋಡಿ ಧಣಿಗೆ ಒಪ್ಪಿಸುವಾಗ ನಿಮ್ಮಲ್ಲಿ ಏನನ್ನುತ್ತಿದ್ದರು ಅಂತ ದಯವಿಟ್ಟು ಬರೆಯಿರಿ. ತಂಗಿಗೆ ಉತ್ತರ ಬಾಕಿ ಇದೆ.