ತಾತನ ಜಾವಾ: ಮೊದಲು ಕಿಕ್ ಹೊಡೆಯುವುದನ್ನು ನಿಲ್ಲಿಸು

ಪುಟ್ಟ, ಮಾವ ಮಾತನಾಡುತ್ತಿದ್ದೇನೆ. ಬೆಳಿಗ್ಗೆ ನೀನು ಮನೆಯವರ ಗುಂಪಿಗೆ ಹಾಕಿದ ವಿಡಿಯೊವನ್ನು ಈಗ ಮೂರನೆಯ ಸಲ ನೋಡಿದೆ. ತಾತನ ಜಾವಾ ಮೋಟಾರ್ ಬೈಕನ್ನು ಕೃಷ್ಣರಾಜನಗರದ ಕೊಟ್ಟಿಗೆಯಿಂದ ಟೆಂಪೊದಲ್ಲಿ ಹೇರಿಕೊಂಡು ಬಂದು ನಿಮ್ಮ ಮನೆಯ ಕಾರು ಶೆಡ್ಡಿನಲ್ಲಿ ನಿಲ್ಲಿಸಿದ್ದೀಯ. ಇಪ್ಪತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲ, ಏನು ಮಾಡಲಿ ಎಂದು ಕೇಳಿದ್ದೀಯ. ಟೈಪ್ ಮಾಡುತ್ತಾ ಕುಳಿತರೆ ಸಂಜೆಯಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳಿಸಿಕೋ.

ಮೊದಲನೆಯದು, ಇನ್ನು ಒಂದೇ ಒಂದು ಕಿಕ್ ಕೂಡ ಹೊಡೆಯಬೇಡ. ಹದಿನೆಂಟು ವರ್ಷ ನಿಂತ ಎಂಜಿನ್ ಅದು. ಸಿಲಿಂಡರಿನ ಒಳಗೋಡೆಯಲ್ಲಿ ಎಣ್ಣೆಯ ಪಸೆ ಎಂದೋ ಆರಿಹೋಗಿದೆ, ತುಕ್ಕಿನ ಪುಡಿ ಕುಳಿತಿರುತ್ತದೆ. ಒಣ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗ್ ಓಡಾಡಿದರೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆಯೇ. ನೀನು ಹೊಡೆದಾಗ ಲಿವರ್ ಕೆಳಗಿಳಿಯುತ್ತಿತ್ತು, ಅಂದರೆ ಪಿಸ್ಟನ್ ಹಿಡಿದುಕೊಂಡಿಲ್ಲ. ಅದು ನಮ್ಮ ಪುಣ್ಯ.

ಎರಡನೆಯದು, ವಿಡಿಯೊದಲ್ಲಿ ನೆಲದ ಮೇಲೆ ಒಂದು ಕಾರು ಬ್ಯಾಟರಿ ಕಾಣಿಸಿತು. ಅದನ್ನು ಈಗಲೇ ಬಿಚ್ಚಿಬಿಡು. ತಾತನ ಗಾಡಿ 6 ವೋಲ್ಟಿನದು, ನೀನು ಕೊಟ್ಟಿರುವುದು 12 ವೋಲ್ಟ್. ಇಗ್ನಿಷನ್ ಕಾಯಿಲ್ ಸುಟ್ಟುಹೋಗುತ್ತದೆ, ಬಲ್ಬುಗಳಂತೂ ಒಂದು ಕ್ಷಣವೂ ತಡೆಯುವುದಿಲ್ಲ. ಒಂದು ಹೊಸ 6 ವೋಲ್ಟ್ ಬ್ಯಾಟರಿ ತಂದುಕೋ. ಈ ಗಾಡಿಗೆ ಕಿಡಿ ಹುಟ್ಟುವುದೇ ಬ್ಯಾಟರಿಯಿಂದ. ಬ್ಯಾಟರಿ ಸತ್ತಿದ್ದರೆ ನೂರು ಕಿಕ್ ಹೊಡೆದರೂ ಅಷ್ಟೇ.

ಅಕ್ಕಾ, ನೀನು "ಗುಜರಿಗೆ ಹಾಕಿ ಕೈತೊಳೆದುಕೊಳ್ಳಬಾರದೇ" ಎಂದು ಬರೆದಿದ್ದೆ. ನಿನ್ನ ಕಷ್ಟ ನನಗೆ ಗೊತ್ತಾಗುತ್ತದೆ, ಶೆಡ್ಡಿನಲ್ಲಿ ಜಾಗವಿಲ್ಲ, ಹುಡುಗ ಓದುವುದು ಬಿಟ್ಟು ಗ್ರೀಸಿನಲ್ಲಿ ಕುಳಿತಿದ್ದಾನೆ. ಆದರೆ ಅಪ್ಪ ಇದೇ ಗಾಡಿಯಲ್ಲಿ ಸಾಲಿಗ್ರಾಮ, ಮಿರ್ಲೆ, ಭೇರ್ಯ, ಚುಂಚನಕಟ್ಟೆ ಎಂದು ದಿನವೆಲ್ಲ ಸುತ್ತಿ ದನಗಳಿಗೆ ಮದ್ದು ಮಾಡಿದರಲ್ಲ, ನಮ್ಮಿಬ್ಬರ ಶಾಲೆಯ ಫೀಸು ಇದರ ಸೀಟಿನ ಮೇಲೆ ಕುಳಿತೇ ಸಂಪಾದನೆಯಾದದ್ದು. ರಾತ್ರಿ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಯಾರಾದರೂ ಬಂದು ಬಾಗಿಲು ತಟ್ಟಿದರೆ ಎರಡನೇ ಕಿಕ್ಕಿಗೆ ಗಾಡಿ ಎದ್ದುಬಿಡುತ್ತಿತ್ತು. ಜಾವಾದಲ್ಲಿ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದು, ಗೇರ್ ಲಿವರ್ ತುಳಿದಾಗ ಅದೇ ಕ್ಲಚ್ಚನ್ನೂ ಬಿಡಿಸುತ್ತದೆ. ಅಪ್ಪ ಎಡಗೈಯಲ್ಲಿ ಮದ್ದಿನ ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡು ಹೊಲದ ದಾರಿಯಲ್ಲಿ ಹೋಗುತ್ತಿದ್ದುದು ಹಾಗೆಯೇ. ನಾಲೆಯ ಏರಿಯ ಆಚೆ ಆ ಡುಗುಡುಗು ಸದ್ದು ಕೇಳಿಸಿದ ಕೂಡಲೇ ಅಮ್ಮ ಒಲೆಯ ಮೇಲೆ ಎಸರಿಡುತ್ತಿದ್ದಳು. ನನಗೆ ಆ ಸದ್ದು ಇನ್ನೊಂದು ಸಲ ಕೇಳಬೇಕು. ಅದಕ್ಕಾಗಿ ಖರ್ಚು ನನ್ನದೇ ಇರಲಿ, ಆದರೆ ಗುಜರಿ ಎಂಬ ಮಾತು ಬೇಡ.

ಪುಟ್ಟ, ಈಗ ಕೆಲಸಕ್ಕೆ ಬಾ. ಪ್ಲಗ್ ಬಿಚ್ಚು. ಡೀಸೆಲ್ ಮತ್ತು 2ಟಿ ಆಯಿಲ್, ಅಂದರೆ ಈ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ, ಎರಡನ್ನೂ ಸಮ ಬೆರೆಸಿ, ಎರಡು ಮೂರು ಚಮಚದಷ್ಟು ಪ್ಲಗ್ಗಿನ ತೂತಿನಿಂದ ಒಳಗೆ ಬಿಡು. ಎರಡು ದಿನ ಹಾಗೆಯೇ ಇರಲಿ. ಆಮೇಲೆ ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ನಾಲ್ಕನೇ ಗೇರಿಗೆ ತಂದು, ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸು. ಬಲ ಹಾಕಬೇಡ. ಮಗುವಿನ ತೊಟ್ಟಿಲು ತೂಗುವಷ್ಟೇ. ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಸಲೀಸಾಗಿ ಹೋಗಿಬರುವುದು ಕೈಗೇ ತಿಳಿಯುತ್ತದೆ. ಕರಕರ ಎಂದರೆ ನಿಲ್ಲಿಸಿ ನನಗೆ ಫೋನ್ ಮಾಡು, ಆಗ ಹೆಡ್ ಬಿಚ್ಚಿ ನೋಡಬೇಕಾಗುತ್ತದೆ.

ಈಗ ಟ್ಯಾಂಕ್. ಇದನ್ನು ಎರಡು ಸಲ ಕೇಳಿಸಿಕೋ, ಏಕೆಂದರೆ ನಾನು ಇಲ್ಲಿಯೇ ಕೆಟ್ಟದ್ದು. ನನಗೆ ಮೊದಲ ಸಂಬಳ ಬಂದ ವರ್ಷ ಒಂದು ಹಳೆಯ ಯೆಜ್ಡಿ ಕೊಂಡಿದ್ದೆ. ಅದೂ ಹೀಗೆಯೇ ವರ್ಷಗಟ್ಟಲೆ ನಿಂತಿದ್ದ ಗಾಡಿ. ಹೊಸ ಪ್ಲಗ್ ಹಾಕಿದೆ, ಹೊಸ ಪೆಟ್ರೋಲ್ ತುಂಬಿದೆ, ಅರ್ಧ ದಿನದಲ್ಲಿ ಸ್ಟಾರ್ಟ್ ಆಯಿತು. ಮರುದಿನವೇ ಹುಣಸೂರಿನ ಕಡೆ ಹೊರಟೆ. ದಾರಿಯಲ್ಲಿ ಎಂಜಿನ್ ಇದ್ದಕ್ಕಿದ್ದ ಹಾಗೆ ಬಿಗಿದು ಹಿಂದಿನ ಚಕ್ರ ಕಟ್ಟಿಕೊಂಡಿತು, ಗಾಡಿ ಹತ್ತು ಹದಿನೈದು ಅಡಿ ಜಾರಿತು. ಹಿಂದೆ ಲಾರಿ ಬರುತ್ತಿರಲಿಲ್ಲ, ಬದುಕಿದೆ. ಬಿಚ್ಚಿ ನೋಡಿದರೆ ಟ್ಯಾಂಕಿನ ತುಕ್ಕು ಇಳಿದು ಬಂದು ಕಾರ್ಬ್ಯುರೇಟರಿನ ಮೇನ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಅರ್ಧ ಮುಚ್ಚಿತ್ತು. ಈ ಎಂಜಿನ್ನಿಗೆ ಎಣ್ಣೆ ಬೇರೆ ದಾರಿಯಿಂದ ಬರುವುದಿಲ್ಲ, ಪೆಟ್ರೋಲಿನಲ್ಲಿ ಬೆರೆತೇ ಬರಬೇಕು. ಜೆಟ್ ಅರ್ಧ ಮುಚ್ಚಿದರೆ ಪೆಟ್ರೋಲ್ ಅರ್ಧ, ಎಣ್ಣೆಯೂ ಅರ್ಧ. ಎಂಜಿನ್ ಬಿಸಿಯೇರುತ್ತದೆ, ಅದೇ ಹೊತ್ತಿಗೆ ಪಿಸ್ಟನ್ನಿಗೆ ಪಸೆ ಸಾಲದಾಗುತ್ತದೆ. ಲೇತ್ ಅಂಗಡಿಯಲ್ಲಿ ಸಿಲಿಂಡರನ್ನು ಕೊರೆಸಿ ಅಗಲ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸುವ ಹೊತ್ತಿಗೆ ಒಂದು ತಿಂಗಳ ಸಂಬಳ ಕರಗಿತ್ತು.

ಆದ್ದರಿಂದ ಟ್ಯಾಂಕನ್ನು ಗಾಡಿಯಿಂದ ಇಳಿಸು. ಹಳೆಯ ಪೆಟ್ರೋಲನ್ನು ಅಂಗಳದಲ್ಲಿ, ಬಯಲಿನಲ್ಲಿ ಹೊರಗೆ ತೆಗೆ. ಶೆಡ್ಡಿನೊಳಗೆ ಬೇಡ, ಅಡುಗೆಮನೆಯ ಕಿಟಕಿಯ ಹತ್ತಿರ ಬೇಡವೇ ಬೇಡ. ಅದಕ್ಕೆ ಪೆಟ್ರೋಲಿನ ವಾಸನೆ ಇರುವುದಿಲ್ಲ, ಹಳೆಯ ಬಣ್ಣದ ಡಬ್ಬಿಯ ಹುಳಿ ವಾಸನೆ ಇರುತ್ತದೆ. ಆಮೇಲೆ ಹಿಡಿಯಷ್ಟು ಸಣ್ಣ ನಟ್ಟುಗಳನ್ನೂ ಒಂದು ಲೀಟರ್ ಡೀಸೆಲನ್ನೂ ಹಾಕಿ, ಮುಚ್ಚಳ ಬಿಗಿದು, ಹಳೆಯ ಕಂಬಳಿಯಲ್ಲಿ ಸುತ್ತಿ ಅಲ್ಲಾಡಿಸು. ನಟ್ಟುಗಳನ್ನು ಹಾಕುವಾಗ ಎಣಿಸಿಕೋ, ತೆಗೆಯುವಾಗಲೂ ಎಣಿಸು. ಹಕ್ಕಳೆ ಹಕ್ಕಳೆಯಾಗಿ ತುಕ್ಕು ಬರುತ್ತದೆ. ಡೀಸೆಲಿನ ಜಿಡ್ಡು ಹೋಗುವ ಹಾಗೆ ಸೋಪಿನ ನೀರಿನಲ್ಲಿ ತೊಳೆದು, ವಿನಿಗರ್ ತುಂಬಿಸಿ ಒಂದು ದಿನ ಇಡು. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಜಾಲಿಸು, ಇಲ್ಲದಿದ್ದರೆ ಉಳಿದ ಹುಳಿಯೇ ಮತ್ತೆ ತುಕ್ಕು ಹಿಡಿಸುತ್ತದೆ. ಬಿಸಿಲಿನಲ್ಲಿ ಪೂರ್ತಿ ಒಣಗಿದ ಕೂಡಲೇ ಒಳಗೆಲ್ಲ ಸ್ವಲ್ಪ 2ಟಿ ಆಯಿಲ್ ಆಡಿಸು. ಈ ಕೆಲಸಕ್ಕೆ ಮೂರು ದಿನ ಹಿಡಿದರೆ ಹಿಡಿಯಲಿ.

ಕಾರ್ಬ್ಯುರೇಟರ್ ಬಿಚ್ಚಿದಾಗ ತಳದ ಬಟ್ಟಲಿನಲ್ಲಿ ಹಲಸಿನ ಮೇಣದ ಹಾಗೆ ಹಳದಿ ಅಂಟು ಕಾಣಿಸುತ್ತದೆ. ಪೆಟ್ರೋಲ್ ಆವಿಯಾಗಿ ಉಳಿದದ್ದು ಅದು. ಕಾರ್ಬ್ ಕ್ಲೀನರ್ ಹೊಡೆದು ನೆನೆಯಲು ಬಿಡು. ಜೆಟ್ಟಿನ ತೂತಿಗೆ ಸೂಜಿ, ಪಿನ್ನು ಹಾಕಬೇಡ, ತೂತು ಒಂದು ಕೂದಲೆಳೆ ಅಗಲವಾದರೂ ಲೆಕ್ಕ ತಪ್ಪುತ್ತದೆ. ಕರೆಂಟ್ ವೈರಿನ ತಾಮ್ರದ ಒಂದೇ ಒಂದು ಎಳೆ ಸಾಕು. ಆಮೇಲೆ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡು. ಆಚೆಯ ಆಕಾಶ ದುಂಡಗೆ, ಅಂಚು ಚೊಕ್ಕವಾಗಿ ಕಾಣಬೇಕು.

ಕಿಡಿಯ ವಿಷಯ. ಬಲಗಡೆಯ ಕವರ್ ತೆಗೆದರೆ ಡೈನಮೋ ಪಕ್ಕದಲ್ಲಿ ಪಾಯಿಂಟ್ ಕಾಣುತ್ತದೆ, ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್ಚು ಅದು. ಅದರ ಮುಖಗಳು ಕಪ್ಪಾಗಿರುತ್ತವೆ. ನಯವಾದ ಉಪ್ಪುಕಾಗದದ ಚೂರಿನಿಂದ ಒಂದೆರಡು ಸಲ ಎಳೆದು, ಬಟ್ಟೆಯಲ್ಲಿ ಒರೆಸು. ಪಾಯಿಂಟ್ ಪೂರ್ತಿ ತೆರೆದಾಗ ಅಂತರ 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಪಟ್ಟಿಗಳ ಕಟ್ಟು, ಕೊಂಡುಕೋ, ಬ್ಲೇಡಿನಲ್ಲಿ ಅಂದಾಜು ಮಾಡಬೇಡ. ಪ್ಲಗ್ಗನ್ನು ಹೆಡ್ಡಿನ ಮೇಲೆ ತೂತಿನಿಂದ ದೂರ ಒರಗಿಸಿ ಕಿಕ್ ಅದುಮಿದರೆ ನೀಲಿ ಕಿಡಿ ಟಕ್ ಎಂದು ಹಾರಬೇಕು. ಹತ್ತಿರದಲ್ಲಿ ಪೆಟ್ರೋಲ್ ಇಟ್ಟುಕೊಳ್ಳಬೇಡ. ಕಿಡಿ ಪ್ಲಗ್ಗಿಗಿಂತ ಪಾಯಿಂಟಿನಲ್ಲೇ ಜೋರಾಗಿ ಸಿಡಿಯುತ್ತಿದ್ದರೆ, ಅದನ್ನು ತಡೆಯುವ ಕಂಡೆನ್ಸರ್ ಹೋಗಿದೆ ಎಂದು ತಿಳಿ.

ಸೈಲೆನ್ಸರುಗಳ ಬಾಯಿಗೆ ಟಾರ್ಚ್ ಬಿಟ್ಟು ನೋಡು. ನಮ್ಮ ಕೊಟ್ಟಿಗೆಯ ಜಂತೆಯಲ್ಲೆಲ್ಲ ಕಣಜದ ಮಣ್ಣಿನ ಗೂಡುಗಳಿವೆ. ಎರಡು ಸೈಲೆನ್ಸರುಗಳಲ್ಲಿ ಒಂದರಲ್ಲಾದರೂ ಗೂಡು ಕಟ್ಟಿರದಿದ್ದರೆ ಆಶ್ಚರ್ಯ. ಹೊಗೆಗೆ ದಾರಿಯಿಲ್ಲದಿದ್ದರೆ ಎರಡು ಸ್ಟ್ರೋಕಿನ ಎಂಜಿನ್ ಉಸಿರಾಡಲಾರದು.

ಪೆಟ್ರೋಲಿಗೆ ಎಣ್ಣೆ ಲೀಟರಿಗೆ 40 ಮಿಲಿ, ಅಂದರೆ ಇಪ್ಪತ್ತೈದಕ್ಕೆ ಒಂದು ಪಾಲು. ಬೇರೆ ಪಾತ್ರೆಯಲ್ಲಿ ಮೊದಲೇ ಚೆನ್ನಾಗಿ ಬೆರೆಸಿ ಆಮೇಲೆ ಟ್ಯಾಂಕಿಗೆ ಹಾಕು. ಮೊದಲಿಗೆ ಎರಡು ಲೀಟರ್ ಸಾಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪೈಪು ಹೊಸದು ಹಾಕು. ಒಂದು ತಿಂಗಳು ಓಡಿಸುವುದಿಲ್ಲ ಎಂದಾದರೆ ಟ್ಯಾಂಕೂ ಕಾರ್ಬ್ಯುರೇಟರೂ ಖಾಲಿ ಇರಲಿ. ಗೇರ್‌ಬಾಕ್ಸಿನ ಹಳೆಯ ಎಣ್ಣೆಯನ್ನೂ ಬಸಿದು ಹೊಸದು ಹಾಕುವುದನ್ನು ಮರೆಯಬೇಡ.

ಸ್ಟಾರ್ಟ್ ಆದ ಮೇಲೆ ಮೊದಲ ಐದು ನಿಮಿಷ ಹೊಗೆ ಮುಸುಕುತ್ತದೆ, ಹೆದರಬೇಡ, ನಾವು ಹಾಕಿದ ಎಣ್ಣೆಯೇ ಅದು. ಆದರೆ ಹತ್ತು ಕಿಲೋಮೀಟರ್ ಓಡಿದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಗೇರ್‌ಬಾಕ್ಸಿನ ಎಣ್ಣೆಯೂ ಇಳಿಯುತ್ತಿದ್ದರೆ ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಎಡಗಡೆಯ ಆಯಿಲ್ ಸೀಲ್ ಒಣಗಿ ಸೀಳಿದೆ ಎಂದರ್ಥ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ಏರುತ್ತಿದ್ದರೆ ಬಲಗಡೆಯದನ್ನು ಅನುಮಾನಿಸು, ಅಲ್ಲಿಂದ ಗಾಳಿ ನುಗ್ಗುತ್ತಿರುತ್ತದೆ. ಹಾಗಾದರೆ ತಕ್ಷಣ ಆಫ್ ಮಾಡು, ಓಡಿಸಬೇಡ. ಎಂಜಿನ್ ಬಿಚ್ಚಬೇಕಾಗುತ್ತದೆ, ಅದನ್ನು ನೀನೊಬ್ಬನೇ ಮಾಡುವುದು ಬೇಡ. ಮೈಸೂರಿನಲ್ಲೇ ಇದ್ದೀಯ. ಯಾದವಗಿರಿಯ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಗಾಡಿಗಳನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲ ಕೈಗಳು ಊರಿನಲ್ಲಿ ಇನ್ನೂ ಇವೆ. ಬಿಡಿಭಾಗ ಕೇಳುವಾಗ ಹಳೆಯ ಜಾವಾ, 250 ಸಿಸಿ ಎಂದು ಒತ್ತಿ ಹೇಳು. 2018ರ ನಂತರ ಬಂದ ಹೊಸ ಜಾವಾ ನಾಲ್ಕು ಸ್ಟ್ರೋಕಿನದು, ಅದರ ಒಂದು ಭಾಗವೂ ಇದಕ್ಕೆ ಕೂರುವುದಿಲ್ಲ. ಹಳೆಯ ಯೆಜ್ಡಿಯ ಎಷ್ಟೋ ಭಾಗಗಳು ಹೊಂದುತ್ತವೆ, 1973ರ ಸುಮಾರಿಗೆ ಜಾವಾ ಹೋಗಿ ಯೆಜ್ಡಿ ಎಂದು ಹೆಸರು ಬದಲಾದರೂ ಕಾರ್ಖಾನೆ ಅದೇ, ಮನೆತನ ಅದೇ.

ರಸ್ತೆಗೆ ಇಳಿಸುವ ಮುನ್ನ ಎರಡೂ ಚಕ್ರ ಬಿಚ್ಚಿ ಬ್ರೇಕ್ ಶೂ ನೋಡಲೇಬೇಕು. ಟಯರು ಬಿರುಕು ಬಿಟ್ಟಿರುವುದು ವಿಡಿಯೊದಲ್ಲೇ ಕಾಣುತ್ತದೆ, ಎರಡೂ ಹೊಸದು ಬೇಕು. ಕ್ಲಚ್ಚಿನ ಕಾರ್ಕ್ ಪ್ಲೇಟುಗಳು ಅಂಟಿಕೊಂಡಿರಬಹುದು. ಹೊಸದು ಹಾಕುವುದಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಹಾಕು.

ಆ ಗ್ಯಾರೇಜಿನವರು "ಪೂರ್ತಿ ಬಣ್ಣ, ಕ್ರೋಮ್ ಎಲ್ಲ ಹೊಸದು ಮಾಡಿಕೊಡುತ್ತೇವೆ" ಎಂದು ಹೇಳಿದ್ದಾರೆ ಎಂದೆಯಲ್ಲ, ಒಪ್ಪಬೇಡ. ಮೊದಲು ಓಡಲಿ, ನಿಲ್ಲಲಿ. ಆ ಕೆಂಗಂದು ಬಣ್ಣ ಮೈಸೂರಿನ ಕಾರ್ಖಾನೆಯಲ್ಲೇ ಬಳಿದದ್ದು. ಹಿಂದಿನ ಮಡ್ಗಾರ್ಡಿನ ಎಡಭಾಗದಲ್ಲಿ ಬಣ್ಣ ಸವೆದು ತಗಡು ಹೊಳೆಯುತ್ತಿದೆ, ನೋಡಿದೆಯಾ? ಮದ್ದಿನ ಪೆಟ್ಟಿಗೆಯ ಮೂಲೆ ಮೂವತ್ತು ವರ್ಷ ಉಜ್ಜಿದ ಜಾಗ ಅದು. ಮೇಣ ಹಾಕಿ ಒರೆಸು, ಸಾಕು.

ಕಾಗದಪತ್ರದ ಚಿಂತೆ ನನಗಿರಲಿ. ಆರ್‌ಸಿ ಇನ್ನೂ ತಾತನ ಹೆಸರಿನಲ್ಲಿದೆ. ಮಾಲೀಕರು ತೀರಿಕೊಂಡಿದ್ದರೆ ವರ್ಗಾವಣೆಗೆ ನಮೂನೆ 31, ನೋಂದಣಿ ನವೀಕರಣಕ್ಕೆ ನಮೂನೆ 25. ಮರಣ ಪ್ರಮಾಣಪತ್ರ ನನ್ನ ಬಳಿ ಇದೆ. ಅಕ್ಕಾ, ನಿನ್ನ ಒಪ್ಪಿಗೆ ಪತ್ರವೂ ಬೇಕಾಗುತ್ತದೆ. ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಎಂಬುದೂ ಇದೆ, ಆದರೆ ಹಾಗೆ ಮಾಡಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ನಮಗೆ ಅದು ಬೇಡ. ವಿಮೆ, ಹೊಗೆ ತಪಾಸಣೆ ಆಗುವವರೆಗೆ ಕಾಂಪೌಂಡಿನ ಆಚೆ ಚಕ್ರ ಇಡಬೇಡ.

ಕೊನೆಯದಾಗಿ, ಟೂಲ್ ಬಾಕ್ಸಿನಲ್ಲಿ ಸಿಕ್ಕಿದ ದೊಡ್ಡ ಗಾಜಿನ ಸಿರಿಂಜಿನ ಫೋಟೊ ಹಾಕಿ "ಇದು ಯಾವ ಉಪಕರಣ" ಎಂದು ಕೇಳಿದ್ದೆ. ಅದು ದನಕ್ಕೆ ಚುಚ್ಚುವ ಸಿರಿಂಜ್. ಸೂಜಿ ಕೂರುವ ತುದಿ ಮುರಿದ ಮೇಲೆ ತಾತ ಅದನ್ನು 2ಟಿ ಆಯಿಲ್ ಅಳೆಯಲು ಇಟ್ಟುಕೊಂಡಿದ್ದರು. ಬಂಕಿನಲ್ಲಿ ಹುಡುಗ ಪೆಟ್ರೋಲ್ ಹಾಕುತ್ತಿದ್ದರೆ ಇವರು ಪಕ್ಕದಲ್ಲಿ ನಿಂತು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಗೆರೆಗೆ ಸರಿಯಾಗಿ ಎಣ್ಣೆ ಎಳೆದುಕೊಳ್ಳುತ್ತಿದ್ದರು, ಕರುವಿಗೆ ಮದ್ದು ಕೊಡುವಷ್ಟೇ ಜೋಪಾನವಾಗಿ. ಗಾಜು ಒಡೆಯದ ಹಾಗೆ ಬಟ್ಟೆಯಲ್ಲಿ ಸುತ್ತಿಡು. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಷ್ಟರಲ್ಲಿ ಟ್ಯಾಂಕಿನ ಕೆಲಸ ಮುಗಿದಿರಲಿ. ಆ ಎರಡು ಲೀಟರಿಗೆ ಎಣ್ಣೆಯನ್ನು ಅದರಲ್ಲೇ ಅಳೆಯೋಣ.