ಮಳೆಗಾಲ ಕಳೆದ ಮೇಲೆ ಥ್ರಾಟಲ್ ಕೊಟ್ಟರೆ ನಿಂತುಹೋಗುವ ದೋಣಿಯ ಎಂಜಿನ್

ಪ್ರಶ್ನೆ (ಬೇತಿಂ, ಗೋವಾ):
ಬಲ್ಲವರಲ್ಲಿ ಒಂದು ವಿನಂತಿ. ನಾನು ಕಾರವಾರದವನು, ನಮ್ಮ ಕಡೆ ಮಹದಾಯಿ ಎನ್ನುವ ಮಾಂಡೋವಿಯಲ್ಲಿ ಸಣ್ಣದೊಂದು ಪ್ರವಾಸಿ ದೋಣಿ ನಡೆಸುತ್ತೇನೆ. 4 ಸಿಲಿಂಡರಿನ, ದೋಣಿಯೊಳಗೇ ಕೂರಿಸಿದ ಹಳೆಯ ಪೆಟ್ರೋಲ್ ಇನ್‌ಬೋರ್ಡ್ ಎಂಜಿನ್, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿಕೊಡುವ, ಎರಡು ಬ್ಯಾರೆಲ್ಲಿನ (ಎರಡು ಗಾಳಿದಾರಿಯ) ಕಾರ್ಬ್ಯುರೇಟರ್. ಜೂನ್‌ನಲ್ಲಿ ದಡಕ್ಕೆಳೆದು ತಾಡಪಾಲು ಹೊದಿಸಿಟ್ಟಿದ್ದ ದೋಣಿಯನ್ನು ಈಗ ನೀರಿಗಿಳಿಸಿದ್ದೇನೆ. ಚೋಕ್ (ಗಾಳಿ ತಗ್ಗಿಸುವ ಮುಚ್ಚಳ) ಎಳೆದರೆ ಎಂಜಿನ್ ಶುರುವಾಗುತ್ತದೆ, ಐಡಲ್‌ನಲ್ಲಿ (ಥ್ರಾಟಲ್ ಕೊಡದೆ) ತಕ್ಕಮಟ್ಟಿಗೆ ನಡೆಯುತ್ತದೆ. ಆದರೆ ಗೇರ್ ಹಾಕಿ ಥ್ರಾಟಲ್ ಕೊಟ್ಟ ಕೂಡಲೇ ಉಸಿರುಗಟ್ಟಿದಂತಾಗಿ, ಒಮ್ಮೊಮ್ಮೆ ಕಾರ್ಬ್ಯುರೇಟರಿನ ಬಾಯಿಂದಲೇ ‘ಟಪ್’ ಎಂದು ಸಿಡಿದು ನಿಂತುಬಿಡುತ್ತದೆ. ಹೊಸ ಪ್ಲಗ್ ಹಾಕಿದ್ದಾಯಿತು. ಐಡಲ್ ಮಿಕ್ಸ್‌ಚರ್ ಸ್ಕ್ರೂಗಳನ್ನು ತಿರುಗಿಸಿ ನೋಡಿದೆ. ಮೊದಲು ಎಲ್ಲಿದ್ದವೆಂಬುದು ಈಗ ನೆನಪಿಲ್ಲ. ಕಾರಿನ ಕಾರ್ಬ್ಯುರೇಟರನ್ನೇ ಕೂರಿಸೋಣ ಎನ್ನುತ್ತಾರೆ ಮೆಕ್ಯಾನಿಕ್. ಕೂರಿಸಬಹುದೇ?

ಉತ್ತರ (ವಾಸ್ಕೋ):
ಸ್ಕ್ರೂಗಳನ್ನು ಮೆಲ್ಲಗೆ ಕೊನೆಯವರೆಗೆ ಒಳಗೆ ತಿರುಗಿಸಿ, ಒಂದೂಕಾಲು ಸುತ್ತು ಹಿಂದಕ್ಕೆ ತಂದು ಬಿಟ್ಟುಬಿಡಿ. ಅವು ಐಡಲ್‌ಗೆ ಮಾತ್ರ ಸಂಬಂಧಿಸಿದವು. ಥ್ರಾಟಲ್ ತೆರೆದಾಗ ಎಂಜಿನ್ನಿಗೆ ಬೇಕಾಗುವುದು ಮೊದಲು ಆಕ್ಸಿಲರೇಟರ್ ಪಂಪ್ ಚಿಮ್ಮಿಸುವ ಪೆಟ್ರೋಲ್, ಆಮೇಲೆ ಮೇನ್ ಜೆಟ್ಟಿನಿಂದ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ಭಾಗ) ಬರುವುದು. ಬಾಯಿಂದ ಸಿಡಿಯುವುದು ಬಹುತೇಕ ಪೆಟ್ರೋಲ್ ಸಾಲದೆಂಬುದರ ಗುರುತು. ತಡವರಿಸುವಾಗ ಚೋಕನ್ನು ತುಸು ಎಳೆದರೆ ಚೇತರಿಸಿಕೊಂಡೀತು, ನೋಡಿ.

ಆದರೂ ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಪೆಟ್ರೋಲನ್ನೇ ಪರೀಕ್ಷಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ; ಮಳೆಗಾಲದ ತೇವವನ್ನು ಅದು ಹೀರುತ್ತಾ ಹೋಗಿ, ಹೆಚ್ಚಾದಾಗ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ, ಎಂಜಿನ್ ಮೊದಲು ಎಳೆದುಕೊಳ್ಳುವುದೂ ಆ ತಳದಿಂದಲೇ. ಫಿಲ್ಟರಿನಲ್ಲಿರುವುದನ್ನು ಗಾಜಿನ ಶೀಶೆಗೆ ಬಗ್ಗಿಸಿ, ಹತ್ತು ನಿಮಿಷ ಅಲುಗಿಸದೆ ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಲೇಬೇಕು. ಜೆಟ್ಟನ್ನು ತಂತಿಯಿಂದ ಚುಚ್ಚಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಅಳತೆ ಕೆಟ್ಟಂತೆಯೇ.

ಉತ್ತರ (ಪಣಜಿ):
ಕಾರಿನದನ್ನು ದಯವಿಟ್ಟು ಹಾಕಿಸಬೇಡಿ. ದೋಣಿಯ ಕಾರ್ಬ್ಯುರೇಟರಿನಲ್ಲಿ ಫ್ಲೋಟ್ (ಒಳಗಿನ ಪೆಟ್ರೋಲಿನ ಮಟ್ಟ ಕಾಯುವ ತೇಲು) ಕೆಟ್ಟು ಪೆಟ್ರೋಲ್ ಉಕ್ಕಿದರೂ ಅದು ಎಂಜಿನ್ನಿನ ಒಳಕ್ಕೇ ಹರಿಯುವಂತೆ ದಾರಿ ಮಾಡಿರುತ್ತಾರೆ; ಕಾರಿನದರಲ್ಲಿ ಹೊರಗೆ ಚೆಲ್ಲಬಹುದು. ರಸ್ತೆಯಲ್ಲಿ ಗಾಳಿಗೆ ಹಾರಿಹೋಗುವ ಆವಿ, ಗಾಳಿಗಿಂತ ಭಾರವಾದ್ದರಿಂದ, ದೋಣಿಯ ತಳದಲ್ಲೇ ಮಡುಗಟ್ಟುತ್ತದೆ, ಸ್ಟಾರ್ಟರಿನ ಒಂದು ಕಿಡಿ ಸಾಕು. ಪ್ರತಿಸಲವೂ 4 ನಿಮಿಷ ಬ್ಲೋವರ್ (ಆವಿಯನ್ನು ಹೊರದೂಡುವ ಫ್ಯಾನ್) ಓಡಿಸಿ, ಮೂಗಿನಿಂದ ವಾಸನೆ ನೋಡಿ, ನಂತರವೇ ಶುರುಮಾಡಿ. ಪಂಪ್ ಚಿಮ್ಮುವುದನ್ನು ನೋಡಲು ಫ್ಲೇಮ್ ಅರೆಸ್ಟರ್ (ಕಾರ್ಬ್ಯುರೇಟರಿನ ಬಾಯಿಂದ ಬೆಂಕಿ ಹೊರಬರದಂತೆ ತಡೆಯುವ ಜಾಲರಿ) ತೆಗೆದಿದ್ದರೆ ಎಂಜಿನ್ ಬಂದ್ ಇರಲಿ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಕೃತಜ್ಞನಾಗಿದ್ದೇನೆ. ಶೀಶೆಯಲ್ಲಿ ಎರಡು ಬೆರಳಿನಷ್ಟು ಮಬ್ಬು ನೀರು ನಿಂತಿತು. ಒಂದು ಮೇನ್ ಜೆಟ್ಟಿನ ತೂತು ಹಸಿರು ಕಿಲುಬಿನಿಂದ ಅರ್ಧ ಮುಚ್ಚಿತ್ತು. ಪಂಪಿನಿಂದ ಎರಡರ ಬದಲು ಒಂದೇ ಎಳೆ ಚಿಮ್ಮುತ್ತಿತ್ತು. ಟ್ಯಾಂಕ್ ತೊಳೆದು, ಕಾರ್ಬ್ಯುರೇಟರಿಗೆ ಮರೀನ್ ಕಿಟ್ (ದೋಣಿಯದಕ್ಕೇ ಆದ ರಿಪೇರಿ ಬಿಡಿಭಾಗಗಳು) ಹಾಕಿದ ಮೇಲೆ ಎಂಜಿನ್ ಎದ್ದಿತಾದರೂ ಕಾಲು ಗಂಟೆಗೆ ಮತ್ತೆ ಸೊರಗಿತು. ಟ್ಯಾಂಕಿನ ಮುಚ್ಚಳ ತೆರೆದರೆ ‘ಸ್ಸ್’ ಎಂದು ಗಾಳಿ ಒಳಗೆಳೆಯಿತು: ಟ್ಯಾಂಕಿಗೆ ಗಾಳಿ ಬಿಡುವ ಕೊಳವೆಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ಕೆರೆದು ತೆಗೆದು, ಇಂದು ಬೆಳಗ್ಗೆ ಆಗ್ವಾದದವರೆಗೆ ನಿಲ್ಲದೆ ಹೋಗಿಬಂದೆ.